ಹೆಜ್ಜೆ ಮೂಡದ ವರ್ಷ

ನನ್ನ ಹೆಂಡತಿ ಲಗಮವ್ವ ತೀರಿಕೊಂಡು ಐದು ತಿಂಗಳಾಯಿತು. ನಮ್ಮ ಊರಿನಲ್ಲಿ ಸತ್ತವರು ಅಷ್ಟು ಬೇಗ ಪೂರ್ತಿಯಾಗಿ ಹೋಗುವುದಿಲ್ಲ. ಇಲ್ಲಿ ಮಣ್ಣಿನ ಮೇಲಾಗಲಿ, ಫರಸಿ ಕಲ್ಲಿನ ಮೇಲಾಗಲಿ ಇಟ್ಟ ಹೆಜ್ಜೆ ಒಂದು ವರ್ಷ ಉಳಿಯುತ್ತದೆ. ಮಳೆ ಬಂದರೂ, ಕಸಬರಿಗೆ ಆಡಿಸಿದರೂ, ಮೇಲೆ ನೂರು ಜನ ಹಾದುಹೋದರೂ ಯಾರದು ಯಾವುದು ಎಂದು ಊರವರ ಕಣ್ಣಿಗೆ ಕಾಣುತ್ತದೆ. ಆಮೇಲೆ ಒಂದು ದಿನ ಮಾಸಿಹೋಗುತ್ತದೆ. ಹಾಗಾಗಿ ಗಂಡ ಸತ್ತ ಹೆಂಗಸು ವರ್ಷದವರೆಗೆ ಅವನು ಚಹಾದಂಗಡಿಗೆ ಹೋಗಿಬಂದ ದಾರಿ ನೋಡುತ್ತ ಕೂರಬಹುದು, ಬೇಕೆನಿಸಿದರೆ ಬಯ್ಯಬಹುದು. ಮಗುವನ್ನು ಕಳೆದುಕೊಂಡವರು ಪಡಸಾಲೆಯಲ್ಲಿ ಅದರ ಹೆಜ್ಜೆಯಿರುವ ಮೂಲೆಗೆ ಮಂಚ ಎಳೆಯುವುದಿಲ್ಲ. ಮಾತಾಡಿಸಲು ಬಂದವರು ಗೋಡೆಯ ಬದಿ ಹಿಡಿದು ಒಳಗೆ ಬರುತ್ತಾರೆ. ನಮ್ಮ ಮನೆಗೆ ಬಂದವರು ಹಾಗೆ ಬರಬೇಕಾಗಿಲ್ಲ. ನಮ್ಮ ಅಂಗಳದಲ್ಲಿ ಲಗಮವ್ವನದು ಒಂದು ಹೆಜ್ಜೆಯೂ ಇಲ್ಲ. ಅದಕ್ಕೆ ನಾನೇ ಕಾರಣ.

ನನ್ನ ಹೆಸರು ಭರಮಪ್ಪ. ಊರೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಮೆಟ್ಟಿದರೆ ಹೆಜ್ಜೆ ಮೂಡುವುದಿಲ್ಲ, ಹೆಜ್ಜೆ ಮುಚ್ಚಿಕೊಂಡು ತಿರುಗುವವನನ್ನು ಯಾರೂ ನಂಬುವುದಿಲ್ಲ. ಪರವೂರಿಗೆ ಹೋಗುವಾಗ ಮಾತ್ರ ಚಪ್ಪಲಿ ಬೇಕು. ಆದ್ದರಿಂದ ನನ್ನ ಅಂಗಡಿ ಊರ ಅಂಚಿಗೆ, ಬಸ್‌ಸ್ಟ್ಯಾಂಡಿನ ಎದುರಿಗಿದೆ. ಚಪ್ಪಲಿ ಹೊಲಿಯುತ್ತೇನೆ. ಜನ ಬಸ್ಸಿಳಿದು ಬಿಟ್ಟುಹೋದ ಜೋಡುಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು ಕಾಯುತ್ತೇನೆ. ಕಾಲಿನ ಆಣಿಯನ್ನೂ ಕೆತ್ತುತ್ತಿದ್ದೆ. ಬರಿಗಾಲಿನ ಊರಿನಲ್ಲಿ ಆಣಿ, ಮುಳ್ಳು, ಬಿರುಕು ಇಲ್ಲದ ಕಾಲಿಲ್ಲ. ತೊಗಲು ತೆಳ್ಳಗೆ ಮಾಡುವ ರಂಪಿಗೆಯನ್ನು ಬಿಸಿನೀರಲ್ಲಿ ಅದ್ದಿ, ಅದರಿಂದಲೇ ಕೆತ್ತುತ್ತಿದ್ದೆ. ನಮ್ಮಪ್ಪನೂ ಹಾಗೆಯೇ ಮಾಡುತ್ತಿದ್ದ. ಭರಮಪ್ಪನ ಕೈ ಹಗುರ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ.

ಲಗಮವ್ವ ಊರಿಗೆ ನಲ್ಲಿ ನೀರು ಬಿಡುವವಳು. ಅವಳಪ್ಪ ಮಾಡುತ್ತಿದ್ದ ಕೆಲಸ ಅದು, ಅವನ ಮಂಡಿ ಸೋತ ಮೇಲೆ ಇವಳು ಹಿಡಿದಳು. ವಾಲ್ವ್ ತಿರುವುವ ಎದೆಮಟ್ಟದ ಕಬ್ಬಿಣದ ಚಾವಿ ಹೆಗಲಿಗೆ ಹಾಕಿಕೊಂಡು ಬೆಳಗಿನ ಐದೂವರೆಗೆ ಹೊರಡುತ್ತಿದ್ದಳು. ಒಂದು ಓಣಿಯ ವಾಲ್ವ್ ತಿರುವಿ ಇನ್ನೊಂದು ಓಣಿಗೆ ಹೋಗಿ, ಅದು ತುಂಬುವ ಹೊತ್ತಿಗೆ ಮೊದಲನೆಯದನ್ನು ಬಂದ್ ಮಾಡಲು ತಿರುಗಿ ಬರುತ್ತಿದ್ದಳು. ದಿನಕ್ಕೆ ಏನಿಲ್ಲವೆಂದರೂ ಏಳೆಂಟು ಮೈಲಿ ನಡಿಗೆ. ಊರಿನಲ್ಲಿ ಅವಳ ಹೆಜ್ಜೆ ಇಲ್ಲದ ಓಣಿ ಇರಲಿಲ್ಲ. ಉದ್ದ ಪಾದ, ಹೆಬ್ಬೆರಳು ಸ್ವಲ್ಪ ಹೊರಗೆ ವಾಲಿದ್ದು. ಜಗಳಗಂಟಿ ಎಂದೂ ಹೆಸರಿತ್ತು. ಯಾರಾದರೂ ಪೈಪಿಗೆ ಮೋಟಾರು ಹಚ್ಚಿದ್ದು ಗೊತ್ತಾದರೆ ಅವರ ಬಾಗಿಲಲ್ಲಿ ಚಾವಿ ಊರಿ ನಿಂತು, ಒಂದು ಮಾತೂ ಆಡದೆ, ಅವರು ನಾಚಿ ಮೋಟಾರು ಬಿಚ್ಚುವತನಕ ಕಾಯುತ್ತಿದ್ದಳು.

ಒಂದು ಮಾಘ ಮಾಸದ ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದವಳು ನನ್ನ ಎದುರಿನ ಮಣೆಯ ಮೇಲೆ ಕುಳಿತು ಎಡಗಾಲು ಎತ್ತಿ ತೋರಿಸಿದಳು.

"ಹಿಮ್ಮಡದಾಗ ಏನೋ ಒತ್ತತೈತಿ ನೋಡ್ರಿ."

ನೋಡಿದೆ. ಹುಣಸೆ ಬೀಜದಷ್ಟು ಕಪ್ಪು, ಅಂಚು ಒಂದು ಕಡೆ ಹರಡಿತ್ತು. ಹಳೆಯ ಮುಳ್ಳು ಮುರಿದು ಒಳಗೇ ಉಳಿದು ಆಣಿ ಕಟ್ಟಿದೆ ಎಂದೆ. ಕೆತ್ತಿದೆ. ಅವಳಿಗೆ ಹಗುರವಾಯಿತು. ಆಷಾಢದಲ್ಲಿ ಮತ್ತೆ ಬಂತು. ಈ ಸಲ ಕೆತ್ತಿದಾಗ ರಕ್ತ ಬಂತು, ಕೆತ್ತಿದಷ್ಟೂ ಕಪ್ಪು ಕೆಳಗೆ ಇತ್ತು.

"ದವಾಖಾನಿಗೆ ತೋರಸೋಣೇನು?" ಎಂದಳು.

"ಆಣಿಗೂ ದವಾಖಾನಿ ಅಂದ್ರ ಮಂದಿ ನಗ್ತಾರ. ನಲವತ್ತು ವರ್ಷ ಊರ ಕಾಲು ನೋಡಿದಾಂವ ನಾನು."

ಅವಳು ಅರಿಶಿನ ಮೆತ್ತಿಕೊಂಡು ಎದ್ದಳು. ದಸರೆಗೆ ಮುಂಚೆ ಮೂರನೆಯ ಸಲ ಕೆತ್ತಿದೆ. ದೀಪಾವಳಿಗೆ ಬಂದ ನಮ್ಮ ಮಗಳು ಸುವರ್ಣಾ ತಾಯಿ ಕುಂಟುವುದನ್ನು ಕಂಡಳು. ಅವಳು ಎರಡು ತಾಸಿನ ದಾರಿಯ ಇನ್ನೊಂದು ಊರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ತಾಯಿಯ ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಇರುವುದು ಅವಳು ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಮರುದಿನವೇ ನಮ್ಮಿಬ್ಬರನ್ನೂ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ಡಾಕ್ಟರಮ್ಮ ಐವತ್ತರ ಹೆಂಗಸು, ಮೆಲ್ಲಗೆ ಮಾತಾಡುವವರು. ಸುವರ್ಣಾ ಚೀಟಿ ಮಾಡಿಸಲು ಹೊರಗೆ ಹೋಗಿದ್ದಳು. ಡಾಕ್ಟರಮ್ಮ ಹಿಮ್ಮಡಿಯನ್ನು ಬಹಳ ಹೊತ್ತು ನೋಡಿ ಕೇಳಿದರು: "ಇದನ್ನ ಮೊದಲು ಯಾರಾದರೂ ಕೆತ್ತಿದ್ರಾ? ಕೊಯ್ದಿದ್ರಾ?"

"ಇಲ್ರಿ" ಎಂದೆ ನಾನು.

ಲಗಮವ್ವ ನನ್ನ ಮುಖ ನೋಡಿದಳು. ಆಮೇಲೆ ಗೋಡೆ ನೋಡಿದಳು. ಡಾಕ್ಟರಮ್ಮ ಬರೆದುಕೊಂಡರು. ಆ ಒಂದು ಮಾತನ್ನು ಆ ಹೊತ್ತಿನಲ್ಲಿ ತಿದ್ದಬಹುದಿತ್ತು, ಸಂಜೆ ತಿದ್ದಬಹುದಿತ್ತು, ಮರುದಿನ ತಿದ್ದಬಹುದಿತ್ತು. ಒಂದೊಂದು ದಿನ ಕಳೆದಂತೆ ಅದು ಬಾಯಿಂದ ಬರುವುದು ಕಷ್ಟವಾಗುತ್ತ ಹೋಯಿತು.

ಅದು ಚರ್ಮದ ಕ್ಯಾನ್ಸರು, ಮೆಲನೋಮಾ ಎಂಬ ಜಾತಿಯದು ಎಂದರು. ಹಿಮ್ಮಡಿಯ ಭಾಗ ತೆಗೆದು ತೊಡೆಯ ಚರ್ಮ ಕಸಿ ಮಾಡಿದರು. ತೊಡೆಸಂದಿಯ ಗಂಟೂ ತೆಗೆದರು. ಆದರೆ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಚುಕ್ಕೆಗಳು ಕಂಡವು. ಗಡ್ಡೆಯ ತುಣುಕನ್ನು ದೂರದ ಲ್ಯಾಬಿಗೆ ಕಳಿಸಿದ್ದರು. ಮೂರು ವಾರದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಹೇಳಿದರು: "ಈ ಗಡ್ಡೆಯೊಳಗೆ ಒಂದು ದೋಷ ಸಿಕ್ಕಿದೆ. ಅದರಿಂದಲೇ ಇದು ಬೆಳೀತಿರೋದು. ಆ ದೋಷಕ್ಕೇ ನೇರವಾಗಿ ತಾಗೋ ಮಾತ್ರೆಗಳಿವೆ. ಎರಡು ತರದ್ದು, ಎರಡನ್ನೂ ತಗೋಬೇಕು. ಇದು ಗುಣ ಮಾಡತ್ತೆ ಅಂತ ನಾನು ಹೇಳಲ್ಲ. ತಡೆದು ಹಿಡಿಯತ್ತೆ. ಕೆಲವರಿಗೆ ವರ್ಷ, ಕೆಲವರಿಗೆ ಅದಕ್ಕಿಂತ ಬಹಳ ಹೆಚ್ಚು."

ಲಗಮವ್ವ ಯೋಚಿಸಿ ಕೇಳಿದಳು: "ಅಂದ್ರ ವಾಲ್ವ್ ಬಂದ್ ಮಾಡಿದಂಗ. ಪೈಪು ಒಳಗ ಹಂಗೇ ಇರತೈತಿ. ಹೌದಿಲ್ರಿ?"

"ಹೌದು. ಒಂದೊಂದು ಸಲ ನೀರು ಬೇರೆ ದಾರಿ ಮಾಡಿಕೊಳ್ಳತ್ತೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಕಣ್ಣು, ಎದೆ ಕೂಡ ನೋಡ್ತಿರಬೇಕು."

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಕಸಿ ಮಾಡಿದ ಹಿಮ್ಮಡಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಯುವುದಿಲ್ಲ, ಮೆತ್ತನೆ ಚಪ್ಪಲಿ ಇಲ್ಲದೆ ಓಡಾಡಬೇಡಿ.

ಊರೊಳಗೆ ಚಪ್ಪಲಿ ಎಂದರೆ ಊರ ಹಿರಿಯರನ್ನು ಕೇಳಬೇಕು. ಹಿರಿಯರಾದ ಸಿದ್ರಾಮಪ್ಪನವರು ತಾವೇ ಮನೆಗೆ ಬಂದರು, ಪಟ್ಟಿ ಬಿಚ್ಚಿಸಿ ಕಾಲು ನೋಡಿದರು. "ನೀರು ಬಿಡಾಕಿ ಚಪ್ಪಲಿ ಮೆಟ್ಟಲಿ" ಎಂದರು. "ಆಕಿ ಎಲ್ಲಿ ಹೋದ್ಲು ಎಲ್ಲಿ ಬಂದ್ಲು ಅಂತ ನಲ್ಯಾಗಿನ ನೀರೇ ಹೇಳತೈತಿ." ಅಷ್ಟಕ್ಕೆ ಮುಗಿಯಿತು. ನಾನು ನಾಲ್ಕು ದಿನ ಬೇರೆ ಕೆಲಸ ಮುಟ್ಟದೆ ಒಂದು ಜೋಡು ಮಾಡಿದೆ. ಒಳಗೆ ಕುರಿಯ ತೊಗಲು, ಹಿಮ್ಮಡಿಯ ಕೆಳಗೆ ಮೂರು ಪದರ ಸ್ಪಂಜು, ಅಂಚಿಗೆ ಎಲ್ಲಿಯೂ ಹೊಲಿಗೆ ತಾಗದಂತೆ ಮಡಿಕೆ. ನನ್ನ ಬದುಕಿನಲ್ಲಿ ಅಷ್ಟು ಚಂದದ ಜೋಡು ಮಾಡಿರಲಿಲ್ಲ. ಅವಳು ಮೆಟ್ಟಿ ನೋಡಿ, "ಇದನ್ನ ಮದುವ್ಯಾಗ ಮಾಡಿಕೊಟ್ಟಿದ್ರ ನಿಮ್ಮ ಕೂಡ ಇಷ್ಟು ಜಗಳ ಆಡತಿದ್ದಿಲ್ಲ" ಎಂದಳು.

ಮಾತ್ರೆಯ ದಿನಚರಿ ನಮ್ಮ ಮನೆಯ ದಿನಚರಿಯಾಯಿತು. ಒಂದು ತರದ್ದು ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ, ಹಸಿದ ಹೊಟ್ಟೆಯಲ್ಲಿ. ನುಂಗಿದ ಮೇಲೆ ಒಂದು ತಾಸು ಏನೂ ತಿನ್ನುವಂತಿಲ್ಲ. ಇನ್ನೊಂದು ದಿನಕ್ಕೊಂದೇ, ಆದರೆ ತಣ್ಣಗೆ ಇರಬೇಕು. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಪಕ್ಕದ ಮನೆಯ ಮೆಹಬೂಬಿ ತನ್ನ ಫ್ರಿಜ್ಜಿನಲ್ಲಿ ಹಾಲಿನ ಪಾಕೀಟುಗಳನ್ನು ಕೆಳಗೆ ಸರಿಸಿ ಜಾಗ ಮಾಡಿಕೊಟ್ಟಳು. ದಿನಾ ಬೆಳಿಗ್ಗೆ ಬಾಗಿಲು ತಟ್ಟಿ, "ಲಗಮಕ್ಕ, ನಿನ್ನ ಗುಳಿಗಿ" ಎಂದು ಅಂಗೈಯಲ್ಲಿಟ್ಟು ಹೋಗುತ್ತಿದ್ದಳು.

ಎರಡನೆಯ ತಿಂಗಳು ಜ್ವರ ಶುರುವಾಯಿತು. ಅದು ಸೋಂಕಿನ ಜ್ವರವಲ್ಲ, ಮಾತ್ರೆಯದೇ ಜ್ವರ. ಬಿಸಿಲಲ್ಲಿ ಕೂತವಳಿಗೆ ಹಲ್ಲು ಕಟಕಟ ಎನ್ನುವಷ್ಟು ನಡುಕ ಬರುತ್ತಿತ್ತು. ಮೂರು ಕಂಬಳಿ ಹೊದೆಸಿದರೂ ಮಂಚ ಅಲುಗುತ್ತಿತ್ತು. ಆಸ್ಪತ್ರೆಗೆ ಫೋನು ಮಾಡಿದರೆ, ಮಾತ್ರೆ ನಿಲ್ಲಿಸಿ, ಜ್ವರ ಬಿಟ್ಟು ಪೂರ್ತಿ ಒಂದು ದಿನವಾದ ಮೇಲೆ ಮತ್ತೆ ಶುರು ಮಾಡಿ ಎಂದರು. ಹಾಗೆ ನಾಲ್ಕೈದು ಸಲ ಆಯಿತು. ನಡುಕಕ್ಕಿಂತ ಆ ನಿಲ್ಲಿಸಿದ ದಿನಗಳಿಗೇ ಅವಳು ಹೆದರುತ್ತಿದ್ದಳು. "ವಾಲ್ವ್ ತೆರದಂಗಾತಲ್ರಿ" ಎಂದು ಕ್ಯಾಲೆಂಡರ್ ನೋಡುತ್ತಿದ್ದಳು.

ಮಾತ್ರೆ ಶುರುವಾದ ಮೇಲಿನ ಮೊದಲ ಸ್ಕ್ಯಾನಿನಲ್ಲಿ ಚುಕ್ಕೆಗಳು ಅರ್ಧವಾಗಿದ್ದವು. ಎರಡನೆಯದರಲ್ಲಿ ಒಂದೆರಡು ಮಾತ್ರ ಮಸುಕಾಗಿ ಉಳಿದಿದ್ದವು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಲಗಮವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಿರ್ಚಿ ತಿನ್ನುವ ಮಾತಾಡಿದಳು, ಐದು ಗಂಟೆಯ ಮಾತ್ರೆ ಮುಗಿದು ಆರಾಗುವವರೆಗೆ ಕಾದು ತಿಂದಳು. ಬೇಸಗೆ ಮುಗಿಯುವ ಹೊತ್ತಿಗೆ ಚಾವಿ ಮತ್ತೆ ಹೆಗಲಿಗೇರಿತು. ಮೊದಲು ಎರಡು ಓಣಿ, ಆಮೇಲೆ ಹತ್ತು, ಆಮೇಲೆ ಇಡೀ ಊರು. ಮೋಟಾರು ಹಚ್ಚುವವರು ಮತ್ತೆ ಹೆದರತೊಡಗಿದರು. ಅವಳಿಗೆ ರೋಗವಿದೆ ಎಂಬುದನ್ನು ಊರು ಮರೆತಂತಿತ್ತು. ನಾನೂ ದಿನಕ್ಕೆ ಎಷ್ಟೋ ತಾಸು ಮರೆಯುತ್ತಿದ್ದೆ.

ಆದರೆ ಅವಳ ಹಳೆಯ ಹೆಜ್ಜೆಗಳು ಮಾಸುತ್ತಿದ್ದವು. ಹೊಸವು ಬೀಳುತ್ತಿರಲಿಲ್ಲ. ಮೊದಲು ಯಾರೂ ಗಮನಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಗಸರು ತಮ್ಮ ಬಾಗಿಲ ಮುಂದೆ ಉಳಿದ ಲಗಮವ್ವನ ಹೆಜ್ಜೆಯನ್ನು ಬಿಟ್ಟು ಸುತ್ತಲೂ ಕಸ ಹೊಡೆಯುವುದನ್ನು ನಾನು ನೋಡಿದೆ. ಸತ್ತವರ ಹೆಜ್ಜೆಗೆ ಮಾತ್ರ ಹಾಗೆ ಮಾಡುತ್ತಾರೆ. ಅವಳೂ ನೋಡಿದ್ದಳು. ಒಂದು ಮನೆಯವಳಿಗೆ, "ನಾ ಇನ್ನೂ ಇದೀನಿ ಯವ್ವಾ, ಗುಡಿಸು" ಎಂದಳಂತೆ. ಆದರೂ ತಾನೇ ಒಂದೊಂದು ಓಣಿಯಲ್ಲಿ ತನ್ನ ಹೆಜ್ಜೆಯ ಪಕ್ಕ ನಿಂತು, ಚಪ್ಪಲಿಯ ಕಾಲನ್ನು ಅದರ ಬದಿಗಿಟ್ಟು ನೋಡುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದಳು. ಚಾವಿಯನ್ನು ಗೋಡೆಗೆ ಆನಿಸಿ ಮಣೆಯ ಮೇಲೆ ಕುಳಿತಳು.

"ಗಾಣಿಗೇರ ಓಣ್ಯಾಗಿಂದೂ ಹೋತ್ರಿ."

"ಏನು?"

"ನನ್ನ ಹೆಜ್ಜಿ. ವಾಲ್ವಿನ ಗುಂಡಿ ಬಾಜೂಕ ಒಂದು ಉಳದಿತ್ತು. ಇವತ್ತ ಇಲ್ಲ. ಅದೇ ಕಡೀದು."

ನಾನು ದಾರಕ್ಕೆ ಮೇಣ ಹಚ್ಚುತ್ತಿದ್ದೆ.

"ಒಂದು ದಿನ ಬರಿಗಾಲ್ಲೇ ನಡೀತೀನಿ. ಒಂದೇ ಸುತ್ತು" ಎಂದಳು. "ಊರು ಬ್ಯಾಡಂದ್ರ ಬಿಡ್ರಿ, ನಮ್ಮ ಅಂಗಳದಾಗ ನಾಕ ಹೆಜ್ಜಿ. ಸುವರ್ಣಾಗ ಇರಲಿ. ನಿಮಗಿರಲಿ."

"ಡಾಕ್ಟರ್ ಏನಂದಾರ ಮರತೇನು?"

"ಮರತಿಲ್ಲ. ಮುಂದಿನ ಸಲ ಹೋದಾಗ ಕೇಳೂಣು."

"ಕೇಳೂದೇನೈತಿ ಅದರಾಗ? ಗಾಯ ಆದ್ರ ಮಾತ್ರಿ ನಿಲ್ಲಸ್ತಾರ. ನಿಲ್ಲಿಸಿದ್ರ ಏನಾಗತೈತಿ ನಿನಗ ಗೊತ್ತೈತಿ."

ಇದು ನಾನು ಕಟ್ಟಿದ ಮಾತು. ಗಾಯವಾದರೆ ಮಾತ್ರೆ ನಿಲ್ಲಿಸುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಅವಳು ಯಾವುದಕ್ಕೆ ಹೆದರುತ್ತಾಳೆ ಎಂದು ತಿಳಿದೇ ಹೇಳಿದೆ. ಅವಳು ಚಾವಿ ತೆಗೆದುಕೊಂಡು ಹೋದಳು.

ಡಿಸೆಂಬರಿನ ಸ್ಕ್ಯಾನಿಗೆ ಹೋದಾಗ, ಎಲ್ಲ ಚೆನ್ನಾಗಿದೆ ಎಂದು ಹೇಳಿ ಡಾಕ್ಟರಮ್ಮ ಇನ್ನೇನಾದರೂ ಕೇಳುವುದಿದೆಯೇ ಎಂದರು. ಲಗಮವ್ವ ನನ್ನ ಕಡೆ ತಿರುಗಿದಳು. "ಈ ಕಾಲಿಂದು..." ಎಂದು ಶುರು ಮಾಡಿದಳು. ನಾನು ನಡುವೆ ಬಾಯಿ ಹಾಕಿ, ಕಣ್ಣು ಮಂಜಾಗುತ್ತದೆ ಎನ್ನುತ್ತಾಳೆ, ನೋಡಿ ಎಂದೆ. ಡಾಕ್ಟರಮ್ಮ ಟಾರ್ಚು ಹಿಡಿದರು. ಮಾತು ಅಲ್ಲಿಗೆ ಹೋಯಿತು. ಅವಳ ಕಾಲಿಗೆ ಏನಾದರೂ ಆದೀತು ಎಂಬ ಭಯ ನನಗಿದ್ದದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆ ಹಿಮ್ಮಡಿಯ ಮಾತು ಮತ್ತೆ ಎದ್ದರೆ ಯಾರಾದರೂ ಕೆತ್ತಿದ್ದರೇ ಎಂಬ ಹಳೆಯ ಪ್ರಶ್ನೆಯನ್ನೂ ಡಾಕ್ಟರಮ್ಮ ಮತ್ತೆ ಕೇಳಿಯಾರು ಎಂದು. ಲಗಮವ್ವ ಮೂರನೆಯ ಸಲ ಕೇಳಲಿಲ್ಲ. ಮನೆಯಲ್ಲಿ, ಹಿತ್ತಿಲಲ್ಲಿ, ಬಚ್ಚಲಲ್ಲಿ ಕೂಡ ಚಪ್ಪಲಿ ಮೆಟ್ಟಿಯೇ ಇರುತ್ತಿದ್ದಳು. ಅಷ್ಟು ಹಟದವಳು ಅದೊಂದರಲ್ಲಿ ನನ್ನ ಮಾತನ್ನು ಅಕ್ಷರಶಃ ಕೇಳಿದಳು.

ಮಾತ್ರೆ ಶುರುವಾದ ಹದಿನಾರನೆಯ ತಿಂಗಳು ತಲೆನೋವು ಬಂತು. ಬಿಸಿಲಿನದು ಎಂದುಕೊಂಡೆವು. ಒಂದು ಬೆಳಿಗ್ಗೆ ವಾಲ್ವ್ ತೆರೆದವಳಿಗೆ ಯಾವ ಕಡೆ ತಿರುವಿದರೆ ಬಂದ್ ಆಗುತ್ತದೆ ಎಂಬುದು ತಿಳಿಯದೆ ಹೋಯಿತು. ಗುಂಡಿಯ ಬದಿಯಲ್ಲಿ ಕೂತುಬಿಟ್ಟಳು. ಮೂವತ್ತು ವರ್ಷ ತಿರುವಿದ ಕೈ ಅದು. ರೋಗ ಮಿದುಳಿಗೆ ಹೋಗಿತ್ತು. ಡಾಕ್ಟರಮ್ಮ ತಲೆಗೆ ಕಿರಣ ಕೊಡಿಸಿದರು, ಇನ್ನೊಂದು ಔಷಧಿಯನ್ನು ರಕ್ತನಾಳಕ್ಕೆ ಹಾಕಿ ನೋಡಿದರು. ಅದೂ ಹಿಡಿಯಲಿಲ್ಲ. ಕೊನೆಯ ಮೂರು ವಾರ ಮನೆಯಲ್ಲೇ ಇದ್ದಳು. ಸುವರ್ಣಾ ರಜೆ ಹಾಕಿ ಬಂದಿದ್ದಳು. ಸಂಜೆ ಐದಾದರೆ ಲಗಮವ್ವ ಅಂಗೈ ಚಾಚುತ್ತಿದ್ದಳು. ಮಾತ್ರೆ ನಿಂತಿದೆ ಎಂದು ಎಷ್ಟು ಹೇಳಿದರೂ ಅವಳಿಗೆ ನೆನಪು ಉಳಿಯುತ್ತಿರಲಿಲ್ಲ. ಮೆಹಬೂಬಿ ಒಂದೊಂದು ಸಕ್ಕರೆಯ ಬತ್ತಾಸು ಇಡುತ್ತಿದ್ದಳು. ಅದನ್ನು ನುಂಗಿ, ಆರು ಗಂಟೆಯವರೆಗೆ ಬಾಯಿಗೆ ಏನೂ ಮುಟ್ಟಿಸಗೊಡುತ್ತಿರಲಿಲ್ಲ. ಆಷಾಢದ ಮೊದಲ ವಾರ ಹೋದಳು.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ಕಾಗದಪತ್ರ ತರಲು ನಾನೂ ಸುವರ್ಣಾಳೂ ಹೋದೆವು. ಡಾಕ್ಟರಮ್ಮ ನಮ್ಮನ್ನು ಗುರುತು ಹಿಡಿದು ಒಳಗೆ ಕರೆದು ಕೂರಿಸಿದರು. ಊಟ, ನಿದ್ದೆ ಎಲ್ಲ ವಿಚಾರಿಸಿದರು. ಎದ್ದು ಹೊರಡುವಾಗ ಸುವರ್ಣಾ ಕೇಳಿದಳು:

"ಮೇಡಮ್, ಅವ್ವ ಒಂದು ದಿನ ಬರಿಗಾಲ್ಲೇ ನಡೀಬೇಕಂತ ಫೋನಿನ್ಯಾಗ ಹೇಳ್ತಿದ್ಲು. ನಮ್ಮ ಊರಾಗ ಅದಕ್ಕೊಂದು ಅರ್ಥ ಐತ್ರಿ. ನಡದಿದ್ರ ಏನಾಗ್ತಿತ್ತು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದಿನಾ ಓಡಾಡೋದು ಬೇಡ ಅಂತ ನಾನೇ ಹೇಳಿದ್ದೆ. ಆದರೆ ಸ್ವಚ್ಛವಾದ ಜಾಗದಲ್ಲಿ ನಾಲ್ಕು ಹೆಜ್ಜೆಗೆ ಏನೂ ಆಗ್ತಿರಲಿಲ್ಲ. ಆಮೇಲೆ ಕಾಲು ತೊಳೆದು, ಗಾಯ ಇದೆಯಾ ಅಂತ ನೋಡಿಕೊಂಡಿದ್ರೆ ಸಾಕಿತ್ತು. ನನ್ನನ್ನ ಕೇಳಿದ್ರೆ ಹೇಳ್ತಿದ್ದೆ."

ಸುವರ್ಣಾ ನನ್ನನ್ನು ನೋಡಿದಳು. ನಾನು ಎದ್ದವನು ಮತ್ತೆ ಕುಳಿತೆ. ಯಾಕೆ ಆಗಲೇ ಹೇಳಿದೆನೋ ಗೊತ್ತಿಲ್ಲ. ಮೂರು ಸಲ ಕೆತ್ತಿದ್ದು, ರಕ್ತ ಬಂದದ್ದು, ದವಾಖಾನೆಗೆ ಎಂದಾಗ ಬೇಡ ಅಂದದ್ದು, ಇದೇ ಕೋಣೆಯಲ್ಲಿ ಇಲ್ಲ ಎಂದದ್ದು, ಕಾಲಿನ ಮಾತು ಎತ್ತಿದಾಗ ಕಣ್ಣಿನ ಮಾತು ತಂದದ್ದು ಎಲ್ಲವನ್ನೂ ಹೇಳಿದೆ.

"ಕೆತ್ತಿದ್ದರಿಂದ ಈ ಕಾಯಿಲೆ ಬರಲ್ಲ ಭರಮಪ್ಪನವರೇ" ಎಂದರು ಡಾಕ್ಟರಮ್ಮ. "ಅದು ಮೊದಲೇ ಇತ್ತು."

"ಮೊದಲನೇ ಸಲ ಕಂಡಾಗಲೇ ಬಂದಿದ್ರ?"

ಅವರು ಮೇಜಿನ ಮೇಲಿನ ಕಾಗದವನ್ನು ಸರಿಪಡಿಸಿದರು. "ಆಗ ಬಂದಿದ್ರೆ ಒಳ್ಳೇದಿತ್ತು" ಎಂದರು. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಅದಕ್ಕೆ ನಾನು ಅವರಿಗೆ ಕೃತಜ್ಞ.

ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಕಡೆ ಕುಳಿತಳು. ಅವಳ ಊರು ಮೊದಲು ಬರುತ್ತದೆ. ಆದರೆ ಆ ದಿನ ನನ್ನ ಜೊತೆ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತೇನೆ ಎಂದಿದ್ದಳು. ಅರ್ಧ ದಾರಿ ಕಳೆಯಿತು.

"ನೀ ಇಲ್ಲ ಅಂದಾಗ ಅವ್ವ ಅಲ್ಲೇ ಇದ್ಲು?" ಎಂದಳು ಆಮೇಲೆ.

"ಇದ್ಲು."

"ಏನೂ ಅನ್ನಲಿಲ್ಲ?"

"ಇಲ್ಲ."

"ಮನಿಗೆ ಬಂದ ಮ್ಯಾಲೆ?"

"ಇಲ್ಲ."

"ಮತ್ತ ನೀನು?"

"ನಾನೂ ಏನೂ ಅನ್ನಲಿಲ್ಲ."

"ಒಂದೂವರಿ ವರ್ಷ ಸಿಕ್ಕಿತ್ತಲ್ಲ ಅಪ್ಪಾ" ಎಂದಳು. ದನಿ ಏರಿಸಲಿಲ್ಲ. "ಆ ಮಾತ್ರಿ ಒಂದೂವರಿ ವರ್ಷ ಕೊಟ್ಟಿತ್ತು. ಒಂದು ದಿನಾನೂ ಸಿಗಲಿಲ್ಲೇನು ಹೇಳಾಕ? ನಂಗ್ಯಾಕ ಹೇಳಿದಿ ಈಗ?"

ಅವಳ ಊರು ಬಂತು. ಚೀಲ ತೆಗೆದುಕೊಂಡು ಎದ್ದು ನಿಂತಳು.

"ಸಿಟ್ಟು ಬಂದೈತಿ ನಂಗ. ಸಿಟ್ಟು ಹೋದ ಮ್ಯಾಲೆ ಬರ್ತೀನಿ."

ಇಳಿದು ಕಿಟಕಿಯ ಕೆಳಗೆ ನಿಂತಳು. ಡ್ರೈವರ್ ಚಹಾ ಕುಡಿಯಲು ಹೋಗಿದ್ದರಿಂದ ಬಸ್ಸು ಬಹಳ ಹೊತ್ತು ನಿಂತಿತ್ತು. ಅವಳೂ ನಿಂತೇ ಇದ್ದಳು, ನನ್ನ ಕಡೆ ನೋಡದೆ. ಬಸ್ಸು ಹೊರಟಾಗ, "ಹೊತ್ತಿಗೆ ಸರಿಯಾಗಿ ಉಣ್ಣು" ಎಂದಳು.

ಈಗ ನಾನು ಯಾರ ಕಾಲನ್ನೂ ಕೆತ್ತುವುದಿಲ್ಲ. ಕಪ್ಪು ಕಲೆ ಕಂಡರೆ ದವಾಖಾನೆಗೆ ಹೋಗು ಎನ್ನುತ್ತೇನೆ. ಯಾಕೆ ಎಂದು ಕೇಳಿದವರಿಗೆ ಲಗಮವ್ವನ ಕಾಲಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರು ಸಂತೆಯಲ್ಲಿ ಬೇರೆ ಯಾರ ಹತ್ತಿರವೋ ಕೆತ್ತಿಸಿಕೊಂಡು ಬರುತ್ತಾರೆ.

ಸುವರ್ಣಾ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಉಂಡೆಯಾ ಎಂದು ಕೇಳುತ್ತಾಳೆ, ಏನು ಮಾಡಿಕೊಂಡೆ ಎಂದು ಕೇಳುತ್ತಾಳೆ. ಎರಡು ತಿಂಗಳಾಯಿತು. ಯಾವಾಗ ಬರುತ್ತೀ ಎಂದು ನಾನು ಒಮ್ಮೆಯೂ ಕೇಳಿಲ್ಲ. ಇಲ್ಲ ಎಂದಾಳು ಎಂಬ ಹೆದರಿಕೆ. ಲಗಮವ್ವ ಅದೇ ಹೆದರಿಕೆಯನ್ನು ನುಂಗಿಕೊಂಡು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಲು ನನ್ನನ್ನು ಎರಡು ಸಲ ಕೇಳಿದ್ದಳು.